ಹಿಂದಿನ ಮೂಗಿಗೆ ನೆಗಡಿ

ನನ್ನ ಅಕ್ಕ ವರ್ಕ್‌ಶಾಪಿನ ಕಡೆ ತಲೆಹಾಕುವವಳಲ್ಲ. ಆಯಿಲ್ ವಾಸನೆಗೆ ಅವಳಿಗೆ ಹೊಟ್ಟೆ ತೊಳಸುತ್ತದೆ. ಅಂಥವಳು ಅವತ್ತು ಬೆಳಿಗ್ಗೆ ಬಸ್ಸಿಳಿದು, ನರ್ಸ್ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ಬಂದು ಶಟರಿನ ಹತ್ತಿರ ನಿಂತಾಗಲೇ ನನಗೆ ಅನುಮಾನ ಬಂತು. ಅನುಮಾನ ಬರುವುದಕ್ಕೆ ನನಗೆ ಭಾರಿ ಕಾರಣವೇನೂ ಬೇಕಿಲ್ಲ, ಅದು ಬೇರೆ ಮಾತು. ಇಪ್ಪತ್ತೆರಡು ವರ್ಷದಿಂದ ಕಾರುಗಳ ವೈರಿಂಗ್ ಕೆಲಸ ಮಾಡುತ್ತಿದ್ದೇನೆ. ಮೀಟರಿಟ್ಟು ನೋಡುವ ತನಕ ಯಾವ ವೈರನ್ನೂ ನಂಬುವವನಲ್ಲ. ಮನುಷ್ಯರಿಗೆ ಇಡುವುದಕ್ಕೆ ಮೀಟರಿಲ್ಲ, ಆದ್ದರಿಂದ ಅವರನ್ನಂತೂ ನಂಬುವುದೇ ಇಲ್ಲ. ಕೋಪ ಮೂಗಿನ ತುದಿಯಲ್ಲೇ ಇರುವುದರಿಂದ ಎಲ್ಲರೂ ನನ್ನನ್ನು ಫ್ಯೂಸ್ ಎನ್ನುತ್ತಾರೆ. ಅಂದುಕೊಳ್ಳಲಿ.

"ಕಾರೆಲ್ಲಿ?" ಎಂದೆ.

"ನಿನ್ನ ಭಾವ ಬೀಗದ ಕೈ ಬಚ್ಚಿಟ್ಟಿದಾರೆ ಕಣೋ. ಮೂರು ವಾರ ಆಯ್ತು."

ನಾನು ಬಗ್ಗಿಕೊಂಡಿದ್ದ ಬಾನೆಟ್ಟನ್ನು ಧಡ್ ಎಂದು ಮುಚ್ಚಿದೆ. ಚಿಂದಿ ಬಟ್ಟೆಯಲ್ಲಿ ಕೈ ಒರೆಸಿಕೊಂಡು ಅವಳಿಗೆ ಸ್ಟೂಲು ಎಳೆದುಕೊಟ್ಟೆ.

ಅಕ್ಕನ ಕೆಲಸ ಮನೆಮನೆಗೆ ಹೋಗುವುದು. ಆಪರೇಷನ್ ಆದವರ ಗಾಯ ತೊಳೆದು ಪಟ್ಟಿ ಕಟ್ಟುವುದು, ಎದ್ದು ಓಡಾಡಲಾಗದವರಿಗೆ ಸೂಜಿಮದ್ದು ಕೊಡುವುದು. ದಿನಕ್ಕೆ ಒಂಬತ್ತು ಮನೆ. ಕಾರಿಲ್ಲದೆ ಐದು ಮನೆ ಮುಗಿಸುವಷ್ಟರಲ್ಲಿ ಹೊತ್ತು ಮುಳುಗುತ್ತದೆ. ಅವಳ ಮೇಲಿನವರು ಆಗಲೇ ಕಡ್ಡಿ ಮುರಿದ ಹಾಗೆ ಹೇಳಿದ್ದರಂತೆ: ಸೋಮವಾರದ ಒಳಗೆ ಕಾರು ಬರದಿದ್ದರೆ ನಿಮ್ಮ ಮನೆಗಳನ್ನು ಬೇರೆಯವರಿಗೆ ಹಂಚುತ್ತೇವೆ. ಅವತ್ತು ಗುರುವಾರ.

"ಕೇಳಿದ್ರೆ ಏನಂತಾರೆ?"

"ಒಂದಿನ ಬ್ರೇಕ್ ಸರಿ ಇಲ್ಲ ಅಂತಾರೆ. ಇನ್ನೊಂದಿನ ನಿನಗೆ ತಲೆನೋವು, ಓಡಿಸ್ಬೇಡ ಅಂತಾರೆ. ತಲೆನೋವು ಇದ್ದಿದ್ದು ನಿಜ ಕಣೋ. ಎರಡು ತಿಂಗಳು ಕಾರಿಂದ ಇಳಿದ್ರೆ ತಲೆ ಸಿಡಿಯೋದು, ವಾಕರಿಕೆ ಬರೋದು. ಆದ್ರೆ ಈಗ ಮೂರು ವಾರದಿಂದ ಇಲ್ವಲ್ಲ! ಬಸ್ಸಲ್ಲಿ ನೇತಾಡ್ಕೊಂಡು ಹೋಗ್ತಿದ್ರೂ ಇಲ್ಲ."

"ಕಾರನ್ನ ನನ್ನ ಹತ್ರ ತರೋಕೇನು ಧಾಡಿ ಅವರಿಗೆ?"

"ಅದನ್ನೇ ಕೇಳ್ದೆ. ತಮ್ಮನ ಹತ್ರ ತಗೊಂಡು ಹೋಗಿ ಅಂದ್ರೆ ಮುಖ ಆ ಕಡೆ ತಿರುಗಿಸಿಬಿಟ್ರು."

ನನಗೆ ಮೈ ಉರಿದುಹೋಯಿತು. ಭಾವ ಟೈಲರು. ಕೋಟು ಹೊಲಿಯುವುದರಲ್ಲಿ ಎತ್ತಿದ ಕೈ, ಮಾತು ಮಾತ್ರ ದಿನಕ್ಕೆ ಹತ್ತು. ಮಾತು ಕಡಿಮೆ ಇರುವವರ ಮೇಲೆ ನನಗೆ ಮೊದಲಿಂದಲೂ ಒಂದು ಕಣ್ಣು. ಹೋದ ವರ್ಷ ಅಕ್ಕನಿಗೆಂದು ಆ ಕೆಂಪು ಕಾರನ್ನು ಕೊಂಡಾಗ ಕೂಡ ನನ್ನನ್ನೊಂದು ಮಾತು ಕೇಳಿರಲಿಲ್ಲ. ಮನೆಯಲ್ಲೇ ಕಾರಿನ ಕೆಲಸದವನೊಬ್ಬ ಇದ್ದಾನೆ, ತೋರಿಸೋಣ ಎಂದು ಅನ್ನಿಸಲಿಲ್ಲವಲ್ಲ! ಅವತ್ತಿನಿಂದ ನಾನೂ ಆ ಕಾರನ್ನು ಕೈಯಲ್ಲಿ ಮುಟ್ಟಿರಲಿಲ್ಲ. ಅಕ್ಕ ಕೂರು ಅಂದರೂ ಬಸ್ಸು ಹಿಡಿದು ಹೋಗುತ್ತಿದ್ದೆ.

ಅಕ್ಕ ಆಚೀಚೆ ನೋಡಿ ದನಿ ತಗ್ಗಿಸಿದಳು. "ಇನ್ನೊಂದಿದೆ. ನಿನ್ನೆ ಬಚ್ಚಲಮನೆ ಹತ್ರ ನಿಂತ್ಕೊಂಡು ಯಾರ ಜೊತೆಗೋ ಫೋನಲ್ಲಿ ಪಿಸುಪಿಸು ಅಂತಿದ್ರು. 'ನೆಗಡಿ ತೆಗೆದುಬಿಡಿ. ಯಾರಿಗೂ ಗೊತ್ತಾಗೋದು ಬೇಡ. ಅವಳಿಗಂತೂ ಬೇಡವೇ ಬೇಡ' ಅಂದ್ರು. ನಾನು ಇಷ್ಟು ವರ್ಷ ಆಸ್ಪತ್ರೇಲಿ ದುಡಿದಿದೀನಿ. ನೆಗಡಿಯನ್ನ ಬಚ್ಚಿಡೋರನ್ನ ನೋಡಿಲ್ಲ ಕಣೋ. ಏನದು? ಯಾರಿಗೇನು ರೋಗ?"

ನನ್ನ ಕಿವಿ ನೆಟ್ಟಗಾಯಿತು. ಅಕ್ಕನಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿತ್ತು.

ಕಾರಿನ ಹೊಗೆ ಪೈಪಿನಲ್ಲಿ ಎರಡು ಆಕ್ಸಿಜನ್ ಸೆನ್ಸರ್ ಇರುತ್ತವೆ. ನನಗೆ ಕಸುಬು ಕಲಿಸಿದ ಮೇಸ್ತ್ರಿ ಅವನ್ನು ಮುಂದಿನ ಮೂಗು, ಹಿಂದಿನ ಮೂಗು ಅನ್ನುತ್ತಿದ್ದರು. ಎರಡರ ಮಧ್ಯೆ ಹೊಗೆಯ ವಿಷ ಕಳೆಯುವ ಒಂದು ಡಬ್ಬಿ, ಕನ್ವರ್ಟರ್. ಡಬ್ಬಿ ಕೆಟ್ಟರೆ ಹಿಂದಿನ ಮೂಗು ಕಂಪ್ಯೂಟರಿಗೆ ಚಾಡಿ ಹೇಳುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ಹಳದಿ ಚೆಕ್ ಎಂಜಿನ್ ಲೈಟು ಹತ್ತಿಕೊಳ್ಳುತ್ತದೆ. ಹೊಸ ಡಬ್ಬಿ ಹಾಕಿಸಿದರೆ ಲೈಟು ಆರುತ್ತದೆ. ಹಾಕಿಸುವ ಮನಸ್ಸಿಲ್ಲದವರಿಗೆ ಒಂದು ಅಡ್ಡದಾರಿ ಇದೆ: ಹಿಂದಿನ ಮೂಗಿನ ವೈರಿನ ನಡುವೆ ಬೆರಳುದ್ದದ ಒಂದು ಅಡಾಪ್ಟರ್ ಸೇರಿಸುವುದು. ಅದರೊಳಗೆ ಒಂದು ರೆಸಿಸ್ಟರ್, ಒಂದು ಕೆಪಾಸಿಟರ್, ಅಷ್ಟೇ. ಮೂಗಿಗೆ ಎಂಥ ಗಬ್ಬು ಬಡಿದರೂ ಸುದ್ದಿ ಕಂಪ್ಯೂಟರಿನವರೆಗೆ ಹೋಗುವುದಿಲ್ಲ. ಎಲ್ಲ ಸರಿಯಿದೆ ಎಂದುಕೊಂಡು ಅದು ಲೈಟು ಆರಿಸುತ್ತದೆ. ಇದಕ್ಕೆ ಮೇಸ್ತ್ರಿ ಇಟ್ಟ ಹೆಸರು ನೆಗಡಿ. "ಈ ಕಾರಿಗೊಂದು ನೆಗಡಿ ಹಾಕ್ರೋ" ಎಂದು ಕೂಗುತ್ತಿದ್ದರು.

ನಾನೂ ಹಾಕಿದ್ದೇನೆ, ಸುಳ್ಳು ಯಾಕೆ ಹೇಳಲಿ. ಯಾರು ಹಾಕಿಲ್ಲ? ಗಿರಾಕಿ ಬಂದು ಲೈಟು ಆರಿಸಿ ಅನ್ನುತ್ತಾನೆ, ನಾನು ಲೈಟು ಆರಿಸುತ್ತೇನೆ. ಪೈಪು ನೋಡುವುದು ಪೈಪಿನವನ ಕೆಲಸ.

ಆದರೆ ಆ ಮಾತು, ಆ ನೆಗಡಿ, ಅದು ನಮ್ಮ ಮೇಸ್ತ್ರಿಯ ಗರಡಿಯ ಮಾತು. ಮೇಸ್ತ್ರಿ ತೀರಿಕೊಂಡು ಆರು ವರ್ಷವಾಗಿದೆ. ಈಗ ಆ ಮಾತು ಆಡುವವರು ಇಬ್ಬರೇ, ನಾನು ಮತ್ತು ಡುಮ್ಮ. ಡುಮ್ಮ ನನ್ನ ಜೊತೆ ಕಲಿತವನು. ಗಾಳಿ ಬಂದರೆ ಹಾರಿಹೋಗುವ ಹಾಗಿದ್ದಾನೆ, ಹೆಸರು ಮಾತ್ರ ಡುಮ್ಮ. ಎಡಗೈಯಲ್ಲಿ ಬೆಸುಗೆ ಕಡ್ಡಿ ಹಿಡಿಯುತ್ತಾನೆಂದು ಮೇಸ್ತ್ರಿಯ ಹತ್ತಿರ ದಿನಾ ಬೈಸಿಕೊಳ್ಳುತ್ತಿದ್ದ. ರೈಲ್ವೆ ಗೇಟಿನ ಆಚೆ ಸ್ವಂತ ಗ್ಯಾರೇಜ್ ಇಟ್ಟುಕೊಂಡ ಮೇಲೆ ನನಗೂ ಅವನಿಗೂ ಅಷ್ಟಕ್ಕಷ್ಟೆ. ಭಾವನಿಗೆ ಈ ಮಾತು ಸಿಕ್ಕಿದ್ದರೆ ಅವನಿಂದಲೇ ಸಿಕ್ಕಿರಬೇಕು.

"ನಡಿ ಮನೆಗೆ," ಎಂದೆ ಅಕ್ಕನಿಗೆ. "ಕೀ ಇಲ್ದಿದ್ರೆ ಕತ್ತೆ ಬಾಲ. ಕಾರಿನ ಹೊಟ್ಟೆಗೆ ಬೀಗ ಇರಲ್ಲ."

ಅವರ ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಕಾರು ನಿಂತಿತ್ತು. ಭಾವ ಬೆಳಿಗ್ಗೆಯೇ ಅಂಗಡಿಗೆ ಹೋಗಿದ್ದರು. ನಾನು ಜಾಕು ಕೊಟ್ಟು ಒಂದು ಮಗ್ಗುಲು ಎತ್ತಿದೆ. ಜಾಕು ಕೂತ ಜಾಗದಲ್ಲಿ ಕೆಂಪು ಬಣ್ಣ ಚಕ್ಕೆಯೆದ್ದು ಒಳಗಿಂದ ಬೆಳ್ಳಿ ಬಣ್ಣ ಇಣುಕಿತು. ಓಹೋ, ಬಣ್ಣ ಬದಲಾಯಿಸಿದ ಮಾಲು ಬೇರೆ! ನೋಡಿ ತಗೊಳ್ಳುವುದಕ್ಕೆ ಕಣ್ಣು ಬೇಡವೇ ಈ ಮನುಷ್ಯನಿಗೆ, ಎಂದು ಗೊಣಗಿಕೊಂಡು ಸ್ಟ್ಯಾಂಡ್ ಇಟ್ಟು, ಟಾರ್ಚು ಬಾಯಲ್ಲಿ ಕಚ್ಚಿಕೊಂಡು ಕೆಳಗೆ ತೂರಿದೆ.

ಡಬ್ಬಿ ಇರಬೇಕಾದ ಕಡೆ ಡಬ್ಬಿ ಇರಲಿಲ್ಲ. ಕತ್ತರಿಸಿ ತೆಗೆದು, ಆ ಜಾಗಕ್ಕೆ ಬರೀ ಪೈಪಿನ ತುಂಡು ಇಟ್ಟು ವೆಲ್ಡ್ ಮಾಡಿದ್ದರು. ವೆಲ್ಡಿಂಗು ಸುತ್ತಲೂ ಬಿರುಕು ಬಿಟ್ಟಿತ್ತು, ಬೆರಳಿನ ಉಗುರು ಒಳಗೆ ಹೋಗುವಷ್ಟು. ಬಿರುಕಿನ ನೇರ ಮೇಲೆ ಕಾರಿನ ತಳ ಮಸಿ ಹಿಡಿದು ಕರ್ರಗಾಗಿತ್ತು. ಆ ಮಸಿಯ ಮಧ್ಯೆ ರಬ್ಬರ್ ಬಿರಟೆ ಕಳಚಿಬಿದ್ದ ಒಂದು ತೂತು. ತೂತಿನೊಳಗೆ ಟಾರ್ಚು ಬಿಟ್ಟರೆ ಡ್ರೈವರ್ ಸೀಟಿನ ಕೆಳಗಿನ ಕಾರ್ಪೆಟ್ಟು ಕಂಡಿತು.

ಎರಡು ತಿಂಗಳು ನನ್ನ ಅಕ್ಕ ಕಿಟಕಿ ಏರಿಸಿಕೊಂಡು ಈ ವಿಷ ಕುಡಿಯುತ್ತಾ ಮನೆಮನೆ ಸುತ್ತಿದ್ದಾಳೆ.

ಹಿಂದಿನ ಮೂಗಿನ ವೈರು ಹಿಡಿದುಕೊಂಡು ಹೋದೆ. ಇತ್ತು. ನೆಗಡಿ ಹಾಕಿದ್ದರು. ಕಾರುಗಳ ಮುಖ ನನಗೆ ನೆನಪಿರುವುದಿಲ್ಲ, ನಂಬರೂ ಇಲ್ಲ. ಆದರೆ ಜಾಯಿಂಟು ನೋಡಿದರೆ ಯಾರ ಕೈ ಎಂದು ಹೇಳುತ್ತೇನೆ. ಇದು ನಮ್ಮ ಮೇಸ್ತ್ರಿಯ ಮನೆಯ ಜಾಯಿಂಟು. ಏಳು ಸುತ್ತು, ಅದರ ಮೇಲೆ ಬೆಸುಗೆ, ಬಿಸಿಗೆ ಟೇಪು ಕರಗದಿರಲೆಂದು ಬೆಸುಗೆಯ ಮೇಲೆ ಬಟ್ಟೆಯ ಪಟ್ಟಿ, ಆಮೇಲೆ ಟೇಪು, ಟೇಪಿನ ತುದಿ ಕಿವಿಯಂತೆ ಮಡಚಿದ್ದು. ಡುಮ್ಮನನ್ನು ಮನಸ್ಸಿನಲ್ಲೇ ಹಿಡಿದು ಉಗಿದೆ. ಕಟರಿನಿಂದ ಅಡಾಪ್ಟರನ್ನು ಎರಡೂ ಕಡೆ ಕತ್ತರಿಸಿ ತೆಗೆದು ಹೊರಗೆ ಬಂದು ಬಿಸಿಲಿನಲ್ಲಿ ಟೇಪು ಬಿಚ್ಚಿದೆ.

ಒಳಗಿದ್ದ ಬಟ್ಟೆ ಬಿಳಿ, ಅದರ ಮೇಲೆ ಸಣ್ಣ ನೀಲಿ ಗೆರೆ. ಕೋಟಿನ ತೋಳಿನ ಒಳಗೆ ಹಾಕುವ ಲೈನಿಂಗ್ ಬಟ್ಟೆ. ನಮ್ಮ ಸುತ್ತಮುತ್ತ ಕೋಟು ಹೊಲಿಯುವವರು ಒಬ್ಬರೇ.

"ಅಕ್ಕ, ಈ ಬಟ್ಟೆ ಯಾವುದು ಹೇಳು."

ಅವಳು ಬೆರಳಲ್ಲಿ ಹಿಸುಕಿ ನೋಡಿದಳು. "ಇವರ ಅಂಗಡೀದು."

"ಹಾಂ! ಹೇಳ್ದೆ ತಾನೆ ನಾನು! ಈ ಮನುಷ್ಯ ಬಾಯಿ ಬಿಡಲ್ಲ, ಮಾಡೋದೆಲ್ಲ ಮಾಡ್ತಾರೆ. ಒಳಗಿದ್ದ ಡಬ್ಬಿ ತೆಗೆಸಿ ಮಾರ್ಕೊಂಡಿದಾರೆ. ಅದರೊಳಗೆ ಬೆಲೆಬಾಳೋ ಲೋಹ ಇರುತ್ತೆ. ಲೈಟು ಹತ್ತಿದ್ರೆ ನೀನು ನನ್ನ ಹತ್ರ ಬರ್ತೀಯ ಅಂತ ಆ ಡುಮ್ಮನ ಕೈಲಿ ಇದನ್ನ ಹಾಕ್ಸಿದಾರೆ. ನಿನಗೆ ತಲೆನೋವು ಶುರುವಾಯ್ತಲ್ಲ, ಈಗ ಹೆದರ್ಕೊಂಡು ಕೀ ಬಚ್ಚಿಟ್ಟಿದಾರೆ. ನಿನ್ನ ತಲೆನೋವು ಎಲ್ಲಿಂದ ಬಂತು ಅಂದ್ಕೊಂಡೆ? ಈ ತೂತಿಂದ!"

"ಇವರು ಅಂಥೋರಲ್ಲ ಕಣೋ," ಎಂದಳು ಅಕ್ಕ. ಆದರೆ ದನಿಯಲ್ಲಿ ಗಟ್ಟಿತನವಿರಲಿಲ್ಲ.

"ಹಾಗಾದ್ರೆ ಬಟ್ಟೆ ರೆಕ್ಕೆ ಕಟ್ಕೊಂಡು ಹಾರಿ ಬಂತಾ?"

ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಯಾರಿಗೂ ಹೇಳದಿದ್ದುದನ್ನು ಹೇಳಿದಳು. ಕಾರು ಓಡಿಸಿದ ಕೊನೆಯ ವಾರ, ಸಕ್ಕರೆ ಕಾಯಿಲೆಯ ಒಬ್ಬ ಮುದುಕರ ಮನೆಯಲ್ಲಿ ಇನ್ಸುಲಿನ್ ಕೊಟ್ಟು ಮುಗಿಸಿದ್ದಳು. ಎರಡು ನಿಮಿಷ ಬಿಟ್ಟು ಮತ್ತೆ ಸಿರಿಂಜು ತುಂಬಿಕೊಂಡಳಂತೆ. ತಲೆಯೊಳಗೆ ಮಂಜು ಕವಿದ ಹಾಗಾಗಿತ್ತು. ಆ ಮುದುಕರ ಹೆಂಡತಿ ಕೈ ಹಿಡಿದುಕೊಂಡು, ಆಗಲೇ ಕೊಟ್ಟೆಯಲ್ಲಮ್ಮ, ಅಂದರಂತೆ.

"ಆ ಅಜ್ಜಿ ಒಳಗಡೆ ಇದ್ದಿದ್ರೆ ಮುಗೀತಿತ್ತು," ಎಂದಳು. "ನನಗೆ ವಯಸ್ಸಾಯ್ತು, ಈ ಕೆಲಸಕ್ಕೆ ನಾನು ನಾಲಾಯಕ್ಕು ಅಂತ ರಾತ್ರಿಯೆಲ್ಲ ಅತ್ತಿದೀನಿ. ಇವರು ಪಕ್ಕದಲ್ಲೇ ಮಲಗಿದ್ರು."

ನನಗೆ ಅಳು ಬಂತು, ಅದಕ್ಕಿಂತ ಜಾಸ್ತಿ ಸಿಟ್ಟು ಬಂತು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಇವಳು. ನಾನು ಶಾಲೆ ಬಿಟ್ಟು ಬಂದಾಗ ಕೈಹಿಡಿದು ಮೇಸ್ತ್ರಿಯ ಹತ್ತಿರ ಕರೆದುಕೊಂಡು ಹೋಗಿ ಬಿಟ್ಟವಳು ಇವಳು.

"ನೀನು ಹೇಳಿದ ಮೇಲೆ ಇನ್ನೇನಿದೆ," ಎಂದು ಎದ್ದು ಒಳಗೆ ಹೋದಳು. ಬೀರು ತೆಗೆದ ಸದ್ದು ಕೇಳಿಸಿತು. ನಾನು ಅಡಾಪ್ಟರನ್ನು ಜೇಬಿಗೆ ಹಾಕಿಕೊಂಡು ನೇರ ಡುಮ್ಮನ ಗ್ಯಾರೇಜಿಗೆ ಹೋದೆ.

ಡುಮ್ಮ ಒಂದು ಟಯರಿನ ಮೇಲೆ ಕೂತು ಸ್ಪಾರ್ಕ್ ಪ್ಲಗ್ ಉಜ್ಜುತ್ತಿದ್ದ. ನಾನು ಅಡಾಪ್ಟರನ್ನು ಅವನ ತೊಡೆಯ ಮೇಲೆ ಎಸೆದೆ.

"ಯಾವನಿಗೆ ಕಟ್ಟಿಕೊಟ್ಟೆಯೋ ಇದನ್ನ? ನಮ್ಮ ಅಕ್ಕ ಇದರಿಂದ ಸಾಯ್ತಿದ್ಲು! ಭಾವ ಎಷ್ಟು ಸಲ ಬಂದಿದ್ರು ಹೇಳು, ಇಲ್ದಿದ್ರೆ ನಿನ್ನ ಗ್ಯಾರೇಜಿಗೆ ಬೆಂಕಿ ಇಡ್ತೀನಿ!"

"ಒಂದೇ ಸಲ ಬಂದಿದ್ರು," ಎಂದ ಡುಮ್ಮ ಸಾವಕಾಶವಾಗಿ. ಪ್ಲಗ್ಗನ್ನು ಕೆಳಗಿಟ್ಟು ಅಡಾಪ್ಟರನ್ನು ಬೆಳಕಿಗೆ ಹಿಡಿದ. "ಲೇ ಫ್ಯೂಸ್, ಕೂಗಾಡೋಕೆ ಮುಂಚೆ ಸುತ್ತು ನೋಡಿದ್ಯೇನೋ?"

"ಏನು ನೋಡೋದು? ಏಳು ಸುತ್ತು. ಮೇಸ್ತ್ರಿ ಜಾಯಿಂಟು."

"ಯಾವ ಕಡೆಗೆ ತಿರುಗಿದೆ?"

ನಾನು ಬಗ್ಗಿ ನೋಡಿದೆ. ಬಲಕ್ಕೆ ತಿರುಗಿತ್ತು.

ಡುಮ್ಮ ನೆಲದಲ್ಲಿದ್ದ ಎರಡು ತುಂಡು ವೈರು ಎತ್ತಿಕೊಂಡು, ಎಡಗೈಯಲ್ಲಿ ಸರಸರ ಏಳು ಸುತ್ತು ಸುತ್ತಿ ನನ್ನ ಕೈಗೆ ಕೊಟ್ಟ. ಅದು ಎಡಕ್ಕೆ ತಿರುಗಿತ್ತು. "ಮೇಸ್ತ್ರಿ ಇದಕ್ಕೇ ಅಲ್ವೇನೋ ನನ್ನ ತಲೆ ಮೇಲೆ ಕುಟ್ತಿದ್ದಿದ್ದು," ಎಂದ. "ಇನ್ನು ಬಟ್ಟೆ. ನಾನು ಹಳೇ ಬನಿಯನ್ ಹರಿದು ಸುತ್ತೋನು. ಕೋಟಿನ ಬಟ್ಟೆ ನಮ್ಮ ಕಸುಬಲ್ಲಿ ಯಾರ ಹತ್ರ ಇದೆ? ನಿನ್ನ ಪ್ಯಾಂಟಿನ ಹಿಂದಿನ ಜೇಬಲ್ಲಿ ನೇತಾಡ್ತಿರೋದು ಏನದು?"

ನಾನು ಜೇಬಿಗೆ ಕೈ ಹಾಕಿದೆ. ಬೆಳಿಗ್ಗೆ ಕೈ ಒರೆಸಿಕೊಂಡ ಚಿಂದಿ ಬಂತು. ಗ್ರೀಸಿನ ಕಲೆಯ ಮಧ್ಯೆ ಬಿಳಿಯ ಮೇಲೆ ಸಣ್ಣ ನೀಲಿ ಗೆರೆ. ತಿಂಗಳಿಗೊಂದು ಗಂಟು ಭಾವನೇ ಅಂಗಡಿಯಿಂದ ಕಳಿಸುತ್ತಾರೆ, ಕೈ ಒರೆಸಿಕೊಳ್ಳಲಿ ಎಂದು. ಎಂಟು ವರ್ಷದಿಂದ ಕಳಿಸುತ್ತಿದ್ದಾರೆ.

ಆಗ ನೆನಪಾಯಿತು. ಬೆಳ್ಳಿ ಬಣ್ಣದ ಕಾರು. ಸೆಕೆಂಡ್ ಹ್ಯಾಂಡ್ ಕಾರು ಮಾರುವ ಕನ್ನಡಕದ ದಲ್ಲಾಳಿ ತಂದಿದ್ದ. ಅವನು ಆಗಾಗ ತರುತ್ತಾನೆ. ಕಾರು ರ್ಯಾಂಪಿನ ಮೇಲೆ ಇರುವಾಗಲೇ, "ಲೈಟು ಒಂದು ಆರಿಸಿಬಿಡಿ, ಮಿಕ್ಕಿದ್ದೆಲ್ಲ ನಾನು ನೋಡ್ಕೋತೀನಿ" ಅನ್ನುತ್ತಾನೆ. ನಾನು ವೈರು ಹಿಡಿದು, ಸುತ್ತಿ, ಬೆಸೆದು, ಇಳಿಸಿ ಕಳಿಸಿದ್ದೆ. ಪಕ್ಕದಲ್ಲೇ ಪೈಪಿನ ತುಂಡು ಇತ್ತು. ಆ ಕಡೆ ಟಾರ್ಚು ತಿರುಗಿಸಿರಲಿಲ್ಲ.

"ಮೂರು ವಾರದ ಹಿಂದೆ ಬಂದಿದ್ರು ನಿನ್ನ ಭಾವ," ಎಂದ ಡುಮ್ಮ. "ಹೆಂಡತಿಗೆ ಕಾರಲ್ಲಿ ಕೂತ್ರೆ ಮಾತ್ರ ತಲೆನೋವು ಬರುತ್ತೆ, ನೋಡಿ ಅಂದ್ರು. ಎತ್ತಿ ತೋರಿಸ್ದೆ. ಪೈಪು ತೋರಿಸ್ದೆ, ಇದು ನೆಗಡಿ ಅಂತ ಜಾಯಿಂಟು ಬಿಚ್ಚಿ ತೋರಿಸ್ದೆ. ಬಟ್ಟೆ ನೋಡಿದ್ರು ನೋಡು, ಆ ಬಕೆಟ್ ಮೇಲೆ ಕೂತುಬಿಟ್ರು. 'ಇದು ನನ್ನ ಅಂಗಡೀದು' ಅಂದ್ರು. ನಾನು ಏನೂ ಹೇಳ್ಲಿಲ್ಲ ಕಣೋ. ಅವರಿಗೇ ಗೊತ್ತಾಯ್ತು. ಜಾಯಿಂಟು ಹಂಗೇ ಕಟ್ಟಿಬಿಡಿ, ಡಬ್ಬಿ ತರ್ಸಿ, ಬಂದ ದಿನ ಎಲ್ಲ ಒಟ್ಟಿಗೆ ಮಾಡೋಣ, ಅಲ್ಲೀವರೆಗೂ ಅವಳನ್ನ ಕಾರಿಗೆ ಕೂರಿಸಲ್ಲ ಅಂದ್ರು. ಕಿಟಕಿ ನಾಲ್ಕೂ ಇಳಿಸ್ಕೊಂಡು ಮನೆಗೆ ತಗೊಂಡು ಹೋದ್ರು. ನೋಡು, ಡಬ್ಬಿ ಇವತ್ತು ಬೆಳಿಗ್ಗೆ ಬಂತು."

ಮೂಲೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆ ಇತ್ತು. ನಾನು ಅದನ್ನು ನೋಡಲಿಲ್ಲ. ಬೀರು ತೆಗೆದ ಸದ್ದೇ ಕಿವಿಯಲ್ಲಿ ಕೇಳಿಸುತ್ತಿತ್ತು.

ಭಾವನ ಅಂಗಡಿಗೆ ಹೇಗೆ ಹೋದೆನೋ ಗೊತ್ತಿಲ್ಲ. ಅವರು ಕೊರಳಲ್ಲಿ ಟೇಪು ಹಾಕಿಕೊಂಡು, ಹಲಗೆಯ ಮೇಲೆ ಕೋಟಿನ ತೋಳು ಹರಡಿಕೊಂಡು ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದರು. ನನ್ನ ಕೈಯಲ್ಲಿದ್ದ ಅಡಾಪ್ಟರು ಕಂಡಿತು. ಗೆರೆ ಮುಗಿಸಿಯೇ ತಲೆ ಎತ್ತಿದರು.

"ಕೂತ್ಕೋ," ಎಂದರು.

"ಭಾವ, ಈ ಕಾರು ಕೊಳ್ಳುವಾಗ ನನ್ನನ್ನ ಒಂದು ಮಾತು ಯಾಕೆ ಕೇಳ್ಲಿಲ್ಲ?"

"ಆ ದಲ್ಲಾಳಿ ಹೇಳ್ದ, ಇದರ ವೈರಿಂಗ್ ಎಲ್ಲ ಫ್ಯೂಸ್ ಮಾಡಿರೋದು, ಬೇಕಾದ್ರೆ ಫೋನ್ ಮಾಡಿ ಕೇಳಿ ಅಂತ. ನಾನು ಫೋನ್ ಯಾಕೆ ಮಾಡ್ಲಿ? ನಿನ್ನ ಕೈ ಬಿದ್ದಿದೆ ಅಂದ್ಮೇಲೆ ಕಣ್ಣುಮುಚ್ಚಿ ತಗೊಂಡೆ." ಅವರು ಸೀಮೆಸುಣ್ಣವನ್ನು ಡಬ್ಬಿಗೆ ಹಾಕಿದರು. "ಬಣ್ಣ ಹಚ್ಚಿಸಿದ್ದು ಗೊತ್ತಿತ್ತು. ನಿನ್ನ ಕೆಲಸ ಇದೆಯಲ್ಲ, ಬಣ್ಣದ್ದೇನು ಅಂದ್ಕೊಂಡೆ."

ಅದಕ್ಕಿಂತ ನಾಲ್ಕು ಏಟು ಹೊಡೆದಿದ್ದರೆ ಚೆನ್ನಾಗಿರುತ್ತಿತ್ತು. ಒಂದು ವರ್ಷ ನಾನು ಮೂಗು ಮುರಿದುಕೊಂಡು ಓಡಾಡಿದ್ದು ಇದಕ್ಕೆ!

"ಗೊತ್ತಾದಾಗ ನನಗೆ ಬಂದು ಉಗೀಬಹುದಿತ್ತಲ್ಲ ಭಾವ!"

"ಉಗಿದ್ರೆ ನೀನು ಕೂಗಾಡ್ತಿದ್ದೆ. ಅವಳಿಗೆ ಕೇಳಿಸ್ತಿತ್ತು. ದಿನಕ್ಕೆ ಹತ್ತು ಸಲ ನನ್ನ ತಮ್ಮ, ನನ್ನ ತಮ್ಮ ಅಂತಾಳೆ. ಅದನ್ನ ಕೆಡಿಸೋಕೆ ನನಗೆ ಮನಸ್ಸಾಗ್ಲಿಲ್ಲ. ಸದ್ದಿಲ್ದೆ ಸರಿ ಮಾಡಿಸಿ ಕೀ ಕೊಟ್ಬಿಡೋಣ ಅಂದ್ಕೊಂಡಿದ್ದೆ. ನನ್ನ ಮೇಲೆ ನಾಲ್ಕು ದಿನ ಸಿಟ್ಟಾಗಿರ್ತಾಳೆ, ಅಷ್ಟೇ ತಾನೆ."

ನನ್ನ ಜನ್ಮದಲ್ಲಿ ಭಾವ ಒಟ್ಟಿಗೆ ಅಷ್ಟು ಮಾತಾಡಿದ್ದು ಕೇಳಿರಲಿಲ್ಲ. ಅಡಾಪ್ಟರನ್ನು ಜೇಬಿಗೆ ಹಾಕಿಕೊಂಡು ಹೇಳಿದೆ:

"ನಾನು ಅಕ್ಕನಿಗೆ ಹೇಳ್ಬಿಟ್ಟಿದೀನಿ. ನೀವೇ ಮಾಡ್ಸಿದ್ದು ಅಂತ. ಡಬ್ಬಿ ಮಾರ್ಕೊಂಡ್ರಿ ಅಂತ."

ಭಾವನ ಕೈ ಹಲಗೆಯ ಮೇಲೆ ಹಾಗೇ ನಿಂತಿತು.

"ಏನಂದ್ಲು?"

"ನಂಬಿದ್ಲು."

ಅವರು ಕೋಟಿನ ತೋಳನ್ನು ಮಡಚಿಟ್ಟರು. ಆಮೇಲೆ ಹೊಲಿಗೆ ಮೆಷಿನ್ನಿನ ಡ್ರಾಯರು ಎಳೆದು, ಗುಂಡಿಗಳ ಕೆಳಗಿಂದ ಕಾರಿನ ಕೀ ತೆಗೆದರು. "ಮಾರಿದೋನು ಮೋಸ ಮಾಡ್ದ ಅಂತ ಹೇಳೋಣ. ಸುಳ್ಳೇನಲ್ಲವಲ್ಲ. ನಡಿ," ಎಂದರು.

ನಾವು ಹೋದಾಗ ಅಕ್ಕ ಮೆಟ್ಟಿಲ ಮೇಲೆ ಕೂತಿದ್ದಳು. ಪಕ್ಕದಲ್ಲಿ ಬಟ್ಟೆ ತುಂಬಿದ ಸೂಟ್‌ಕೇಸ್. ಭಾವನ ಮುಖ ನೋಡಲಿಲ್ಲ. ನನ್ನನ್ನು ನೋಡಿ, "ನಿನ್ನ ಮನೇಲಿ ಒಂದು ವಾರ ಇರ್ತೀನಿ ಕಣೋ," ಎಂದಳು.

ಭಾವ ಗಂಟಲು ಸರಿಮಾಡಿಕೊಂಡರು. "ಅದು ಏನಾಯ್ತು ಅಂದ್ರೆ, ಆ ಮಾರಿದೋನು..."

"ಭಾವ, ನೀವು ಸುಮ್ನಿರಿ," ಎಂದೆ. ಅವರ ಕೈಯಿಂದ ಕೀ ಕಿತ್ತುಕೊಂಡು ಶೆಡ್ಡಿಗೆ ಹೋದೆ. ಸ್ಟ್ಯಾಂಡ್ ತೆಗೆದು ಜಾಕು ಇಳಿಸಿದೆ. ಕಾರನ್ನು ನ್ಯೂಟ್ರಲ್ಲಿಗೆ ಹಾಕಿ ಅಂಗಳಕ್ಕೆ ತಳ್ಳಿ, ನಾಲ್ಕೂ ಬಾಗಿಲು ತೆರೆದಿಟ್ಟು ಸ್ಟಾರ್ಟ್ ಮಾಡಿದೆ. ಕತ್ತರಿಸಿದ ವೈರು ಕೆಳಗೆ ನೇತಾಡುತ್ತಿತ್ತು. ಆರಿಸಿ ಮತ್ತೆ ಸ್ಟಾರ್ಟ್ ಮಾಡಿದೆ. ಸ್ವಲ್ಪ ಹೊತ್ತಿಗೆ ಹಳದಿ ಲೈಟು ಹತ್ತಿಕೊಂಡಿತು. ಎಂಜಿನ್ ನಿಲ್ಲಿಸಿ ಕೀ ಮಾತ್ರ ಆನ್ ಇಟ್ಟು ಕೂಗಿದೆ:

"ಅಕ್ಕ, ಬಾ ಇಲ್ಲಿ. ಈ ಲೈಟು ನೋಡು."

ಅವಳು ಬಂದು ಬಾಗಿಲಿನಲ್ಲಿ ಬಗ್ಗಿದಳು. "ಇದು ಯಾವತ್ತೂ ಹತ್ತಿರಲಿಲ್ವಲ್ಲ?"

"ಹತ್ಬೇಕಿತ್ತು. ನೀನು ಮೊದಲ್ನೇ ದಿನ ಕೂತಾಗ್ಲೇ ಹತ್ಬೇಕಿತ್ತು. ನಾನೇ ಆರಿಸಿದ್ದು. ಭಾವ ಅಲ್ಲ, ಡುಮ್ಮ ಅಲ್ಲ. ಆ ಬಟ್ಟೆ ನಾನು ಕೈ ಒರೆಸ್ಕೊಳ್ಳೋ ಬಟ್ಟೆ. ದಲ್ಲಾಳಿ ಕಾರು ತಂದಿದ್ದ, ಲೈಟು ಆರ್ಸು ಅಂದ, ಆರಿಸ್ದೆ. ಯಾರಿಗೆ ಹೋಗುತ್ತೆ ಅಂತ ಕೇಳ್ಲಿಲ್ಲ. ಭಾವ ಇಷ್ಟು ದಿನ ನನ್ನ ಮಾನ ಉಳಿಸೋಕೆ ನಿನ್ನ ಹತ್ರ ಬೈಸ್ಕೊಂಡ್ರು."

ಅಕ್ಕ ಭಾವನ ಕಡೆ ತಿರುಗಿದಳು. ಅವರು ಅಂಗಳದ ಅಂಚಿನಲ್ಲಿ ನಿಂತು ಕೊರಳಿನ ಟೇಪನ್ನು ಸುರುಳಿ ಸುತ್ತುತ್ತಿದ್ದರು, ಸುತ್ತಿ ಬಿಚ್ಚುತ್ತಿದ್ದರು. ಅಕ್ಕನ ಕಣ್ಣು ತುಂಬಿತು. ಹೋಗಿ ಸೂಟ್‌ಕೇಸನ್ನು ಒಳಗಿಟ್ಟು ಬಂದಳು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ 'ತಪ್ಪಾಯ್ತು' ಎಂದು ಕಾಲಿಗೆ ಬೀಳಬಹುದಿತ್ತು. ಅವಳು ಗಾಯದ ಪಟ್ಟಿ ಬಿಚ್ಚುವಾಗ ರೋಗಿಯನ್ನು ಕೇಳುವ ದನಿಯಲ್ಲಿ ಕೇಳಿದಳು:

"ನೀನು ಹಾಕುವಾಗ ಪೈಪು ಒಡೆದಿತ್ತಾ?"

"ಗೊತ್ತಿಲ್ಲ ಅಕ್ಕ. ನೋಡ್ಲಿಲ್ಲ."

"ಕಾಣಿಸ್ಲಿಲ್ವಾ, ನೋಡ್ಲಿಲ್ವಾ?"

"ನೋಡ್ಲಿಲ್ಲ."

"ಇಂಥವು ಇನ್ನೆಷ್ಟು ಹಾಕಿದೀಯ?"

ಹತ್ತು ಅಂದರೆ ಸುಳ್ಳಾಗುತ್ತದೆ. ಇಪ್ಪತ್ತು ಅಂದರೂ ಸುಳ್ಳಾಗುತ್ತದೆ. ಅಕ್ಕ ತನ್ನ ಬ್ಯಾಗಿನಿಂದ, ರೋಗಿಗಳ ಜ್ವರ ಬರೆದುಕೊಳ್ಳುವ ಪುಸ್ತಕ ತೆಗೆದು ಒಂದು ಹಾಳೆ ಹರಿದು ಪೆನ್ನಿನ ಜೊತೆ ನನ್ನ ಕೈಗಿಟ್ಟಳು.

"ನೆನಪಿದ್ದಷ್ಟು ಬರಿ," ಎಂದಳು. "ಅವರ ಮನೇಲೂ ಯಾರೋ ಅಜ್ಜಿ ಕೈ ಹಿಡ್ಕೊಂಡು ತಡೀತಾರೆ ಅಂದ್ಕೋಬೇಡ."

ಡುಮ್ಮ ಮರುದಿನ ಡಬ್ಬಿ ಕೂರಿಸಿದ, ತೂತಿಗೆ ಬಿರಟೆ ಹಾಕಿದ. ಕತ್ತರಿಸಿದ ವೈರನ್ನು ಎಡಗೈಯಲ್ಲಿ ಸುತ್ತಿ ಜೋಡಿಸಿದ, ನೆಗಡಿ ಇಲ್ಲದೆ. ಲೈಟು ತಾನಾಗಿಯೇ ಆರಿತು. ಸೋಮವಾರ ಅಕ್ಕ ಕಾರು ತೆಗೆದುಕೊಂಡು ತನ್ನ ಒಂಬತ್ತು ಮನೆಗೆ ಹೋದಳು. ಮೊದಲು ಭಾವನನ್ನು ಅಂಗಡಿಯ ಹತ್ತಿರ ಇಳಿಸಿದಳು. ನನ್ನನ್ನು ಕೂರು ಅನ್ನಲಿಲ್ಲ. ನಾನೂ ಕೇಳಲಿಲ್ಲ.

ಹಾಳೆ ನನ್ನ ಜೇಬಿನಲ್ಲಿದೆ. ದಲ್ಲಾಳಿ ಹೇಳಿದ ನಾಲ್ಕು ಮನೆಗೆ ಹೋಗಿ ಬಂದೆ. ಮಿಕ್ಕಿದ್ದು ತನಗೂ ಮರೆತುಹೋಗಿದೆ ಅನ್ನುತ್ತಾನೆ. ನಾನೇ ನೆನಪು ಮಾಡಿಕೊಂಡು ಬರೆದದ್ದು ಇಷ್ಟು: ಬಿಳಿ, ಮುಂದಿನ ಬಂಪರ್ ಸೊಟ್ಟ. ನೀಲಿ, ಒಳಗೆ ಮಗುವಿನ ಸೀಟು ಇತ್ತು. ಇನ್ನೊಂದು ಬಿಳಿ.

ಬೆಳಿಗ್ಗೆ ಶಟರು ತೆಗೆಯುವ ಮೊದಲು ಒಂದು ಗಂಟೆ ಸಿಗ್ನಲ್ಲಿನ ಹತ್ತಿರ ನಿಲ್ಲುತ್ತೇನೆ. ಕೆಂಪು ದೀಪ ಬಿದ್ದ ಕೂಡಲೇ ಸಾಲಿನ ಉದ್ದಕ್ಕೂ ಮಂಡಿಯೂರಿ ಒಂದೊಂದೇ ಕಾರಿನ ಹೊಟ್ಟೆ ನೋಡುತ್ತಾ ಹೋಗುತ್ತೇನೆ. ನಿಂತ ಕಾರುಗಳೆಲ್ಲ ನನ್ನವೇ ಇರಬಹುದೆಂದು ಅನುಮಾನ. ನಿನ್ನೆ ಒಂದು ನೀಲಿ ಕಾರಿನ ಹೆಂಗಸು ಕಿಟಕಿ ಇಳಿಸಿ, ಏನು ಬೀಳಿಸಿಕೊಂಡ್ರಿ, ಎಂದು ಕೇಳಿದರು. ಹಿಂದಿನ ಸೀಟಿನಲ್ಲಿ ಒಂದು ಮಗು ನಿದ್ದೆ ಮಾಡುತ್ತಿತ್ತು.

"ಏನಿಲ್ಲಮ್ಮ," ಎಂದೆ. "ನಿಮ್ಮ ಕಾರಲ್ಲಿ ಯಾರಿಗಾದ್ರೂ ತಲೆನೋವು ಬರುತ್ತಾ?"